ಗೋಡೆಯ ಬೂಷ್ಟು: ಸಂಶೋಧನೆ ಮುಗಿಯುವವರೆಗೆ ಕಾಯಬೇಕೆ?

ಸೇವೆಯ ಆರಂಭದಲ್ಲಿ ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ವಸತಿಗೃಹದಲ್ಲಿ ಮೂರು ಮಳೆಗಾಲ ಕಳೆದೆ. ಆಷಾಢ ಬಂತೆಂದರೆ ಮಲಗುವ ಕೋಣೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತಿತ್ತು. ದೂರು ಕೊಟ್ಟಾಗಲೆಲ್ಲ ಸುಣ್ಣ ಬಳಿದು ಹೋಗುತ್ತಿದ್ದರು. ಸೋರುವ ಮಾಡನ್ನು ಯಾರೂ ಮುಟ್ಟಲಿಲ್ಲ. ಮಗಳ ಕೆಮ್ಮಿಗೂ ಆ ಗೋಡೆಗೂ ಸಂಬಂಧವಿದ್ದೀತೆ ಎಂದು ಕೇಳಲು ಆಗ ನನಗೂ ತೋಚಲಿಲ್ಲ.

ಈ ಪ್ರಶ್ನೆಯನ್ನು ಅಮೆರಿಕ ಸರ್ಕಾರ ಬಹುಕಾಲದಿಂದ ಕೇಳುತ್ತಿದೆ. 1993-94ರಲ್ಲಿ ಓಹಿಯೋದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಹಲವು ಹಸುಗೂಸುಗಳಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವವಾಯಿತು. ನೀರು ನುಗ್ಗಿ ಹಾಳಾದ ಮನೆಗಳಲ್ಲಿ ಬೆಳೆದಿದ್ದ ‘ಸ್ಟ್ಯಾಕಿಬಾಟ್ರಿಸ್’ ಎಂಬ ಕಪ್ಪು ಶಿಲೀಂಧ್ರದ ಮೇಲೆ ಸಂಶಯ ಬಿತ್ತು. ಆದರೆ ರೋಗ ನಿಯಂತ್ರಣ ಕೇಂದ್ರವು 2000ದಲ್ಲಿ ತನ್ನದೇ ತನಿಖೆಯನ್ನು ಮರುಪರಿಶೀಲಿಸಿ, ಮಾಹಿತಿ ಸಂಗ್ರಹದಲ್ಲೂ ವಿಶ್ಲೇಷಣೆಯಲ್ಲೂ ಲೋಪಗಳಿವೆ, ಆ ನಂಟು ಸಾಬೀತಾಗಿಲ್ಲ ಎಂದು ಪ್ರಕಟಿಸಿತು. ತನ್ನ ತಪ್ಪನ್ನು ತಾನೇ ಅಚ್ಚು ಹಾಕಿಸುವ ಸರ್ಕಾರಿ ಸಂಸ್ಥೆಗಳು ವಿರಳ. ಇದೇ ಕೇಂದ್ರದ ಕೋರಿಕೆಯಂತೆ 2004ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನೀಡಿದ ವರದಿಯು ತೇವ ಮತ್ತು ಬೂಷ್ಟಿನೊಂದಿಗೆ ಕೆಮ್ಮು, ಉಬ್ಬಸ, ಆಸ್ತಮಾ ಉಲ್ಬಣಕ್ಕೆ ನಂಟಿದೆಯೆಂದು ಒಪ್ಪಿತು. ಇತರ ಹಲವು ಕಾಯಿಲೆಗಳ ಬಗ್ಗೆ ಪುರಾವೆ ಸಾಲದೆಂದಿತು.

ಆನಂತರದ್ದು ನನ್ನಂಥ ನಿವೃತ್ತ ಅಧಿಕಾರಿಗೆ ಚಿರಪರಿಚಿತ ಕಥೆ. ನಮ್ಮ ಮಹಾಲೇಖಪಾಲರಂತೆ ಅಲ್ಲಿಯೂ ಸಂಸತ್ತಿಗೆ ವರದಿ ಒಪ್ಪಿಸುವ ಲೆಕ್ಕಪರಿಶೋಧನಾ ಕಚೇರಿಯೊಂದಿದೆ. ಪರಿಸರ, ಆರೋಗ್ಯ, ವಸತಿ ಈ ಮೂರು ಇಲಾಖೆಗಳಡಿ 65 ಸಂಶೋಧನೆಗಳು ನಡೆಯುತ್ತಿದ್ದುದನ್ನು ಅದು 2008ರಲ್ಲಿ ಗುರುತಿಸಿತು. ಅವುಗಳಲ್ಲಿ ಅರ್ಧಕ್ಕಿಂತ ಕಡಿಮೆ ಯೋಜನೆಗಳಲ್ಲಿ ಮಾತ್ರ ಪರಸ್ಪರ ಸಮನ್ವಯವಿತ್ತು. ಆಸ್ತಮಾ ಮತ್ತು ಅಳತೆಯ ವಿಧಾನಗಳತ್ತ ಒಲವು ಹೆಚ್ಚು. ಜನರನ್ನು ಹೆದರಿಸಿದ್ದ ಶಿಲೀಂಧ್ರ ವಿಷಗಳ ಅಧ್ಯಯನ ಅತ್ಯಲ್ಪ. ಬೂಷ್ಟು ತೊಳೆಯುವಾಗ ಏನು ಬಳಸಬೇಕು, ಏನು ಧರಿಸಬೇಕು ಎಂಬ ಬಗ್ಗೆಯೂ ಸರ್ಕಾರಿ ಸಲಹೆಗಳಲ್ಲಿ ಏಕರೂಪತೆ ಇರಲಿಲ್ಲ. ಕತ್ರಿನಾ ಚಂಡಮಾರುತದ ಬಳಿಕ, 2005ರಲ್ಲಿ, ನ್ಯೂ ಆರ್ಲಿಯನ್ಸ್ ಪ್ರದೇಶದಲ್ಲಿ ಸಮೀಕ್ಷೆಗೊಳಪಟ್ಟ 112 ಮನೆಗಳ ಪೈಕಿ ಶೇ 46ರಲ್ಲಿ ಬೂಷ್ಟು ಕಣ್ಣಿಗೇ ಕಾಣುವಂತಿತ್ತು ಎಂಬುದನ್ನು ನೆನೆದರೆ ಈ ಗೊಂದಲ ಕ್ಷುಲ್ಲಕವೆನಿಸದು.

ನನ್ನ ಮಟ್ಟಿಗೆ ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಯಾವ ಶಿಲೀಂಧ್ರ ಯಾವ ರೋಗ ತರುತ್ತದೆ ಎಂಬುದನ್ನು ಪ್ರಯೋಗಾಲಯ ನಿರ್ಧರಿಸಲಿ. ಸೋರಿಕೆ ನಿಲ್ಲಿಸಬೇಕೆ ಎಂಬುದಕ್ಕೆ ಅಷ್ಟು ಪುರಾವೆ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯು ಬೂಷ್ಟಿಗೆ ಸಂಖ್ಯಾತ್ಮಕ ಮಿತಿ ನಿಗದಿಪಡಿಸದೆ, ತೇವವನ್ನೇ ತಡೆಯಿರಿ ಎಂದಿತು. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ಬೂಷ್ಟು ಹಿಡಿದ ಬಾಡಿಗೆ ಮನೆಯಲ್ಲಿದ್ದ ಎರಡು ವರ್ಷದ ಮಗು 2020ರಲ್ಲಿ ತೀರಿಕೊಂಡಿತು. 2025ರ ಅಕ್ಟೋಬರ್‌ನಿಂದ ಅಲ್ಲಿ ಸಾಮಾಜಿಕ ವಸತಿ ನೀಡುವ ಮಾಲೀಕರು ತುರ್ತು ಅಪಾಯಗಳನ್ನು 24 ಗಂಟೆಯೊಳಗೆ ನಿವಾರಿಸಬೇಕು. ಗಂಭೀರ ತೇವ, ಬೂಷ್ಟಿನ ದೂರನ್ನು 10 ಕೆಲಸದ ದಿನಗಳಲ್ಲಿ ಪರಿಶೀಲಿಸಬೇಕು.

ಅರ್ಥಶಾಸ್ತ್ರದ ದೃಷ್ಟಿಯಲ್ಲಿ ತೊಡಕು ಸರಳವಾದುದು. ದುರಸ್ತಿಯ ಖರ್ಚು ಮನೆ ಮಾಲೀಕನದು, ಔಷಧದ ಖರ್ಚು ಬಾಡಿಗೆದಾರನದು. ಈ ಎರಡು ಲೆಕ್ಕಗಳು ಒಂದೇ ಪುಟಕ್ಕೆ ಬಾರದಿದ್ದರೆ ಸುಣ್ಣವೇ ಅಗ್ಗ. ನಮ್ಮ ಸರ್ಕಾರಿ ವಸತಿಗೃಹಗಳಲ್ಲಾದರೂ ಮಾಲೀಕ ಸರ್ಕಾರವೇ. ನೌಕರರ ವೈದ್ಯಕೀಯ ವೆಚ್ಚ ಮರುಪಾವತಿಸುವುದೂ ಸರ್ಕಾರವೇ. ಅಲ್ಲಿ ಈ ನೆಪವೂ ಉಳಿಯದು. ಸುಣ್ಣದ ಬಿಲ್ಲನ್ನು ಮಂಜೂರು ಮಾಡುವ ಮೊದಲು ಸೋರಿಕೆ ನಿಂತಿದೆಯೆಂಬ ದೃಢೀಕರಣವನ್ನು ಅಧಿಕಾರಿ ಕೇಳಬಹುದು. ಮುಂದೆ ಅಂಥ ಬಿಲ್ಲುಗಳು ನನ್ನ ಮೇಜಿಗೂ ಬಂದವು. ನಾನು ಕೇಳಲಿಲ್ಲ, ಸಹಿ ಹಾಕಿದೆ.