ಬಾಯಿಮಾತಿನ ಎಚ್ಚರಿಕೆ

ಯಥಾ ರಾಜಾ ತಥಾ ಪ್ರಜಾ ಎಂಬ ಮಾತನ್ನು ನಾವು ದೊರೆಯ ನಡತೆಗೆ ಮಾತ್ರ ಅನ್ವಯಿಸುವುದು ವಾಡಿಕೆ. ದೊರೆ ತಾನೇ ತಪ್ಪಬೇಕೆಂದಿಲ್ಲ. ತಪ್ಪಿದವನನ್ನು ಕಂಡೂ ಕಾಣದಂತಿದ್ದರೆ ಸಾಕು, ಪ್ರಜೆಗಳು ಪಾಠ ಕಲಿತುಬಿಡುತ್ತಾರೆ. ಸೈನಿಕ ವೈಮಾನಿಕರ ವಿಷಯದಲ್ಲಿ ಇದೆಷ್ಟು ನಿಜವೆಂಬುದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಫೇರ್‌ಚೈಲ್ಡ್ ವಾಯುನೆಲೆಯಲ್ಲಿ 1994ರ ಜೂನ್ 24ರಂದು ನಡೆದ ದುರಂತವು ಸಾಕ್ಷಿಯಾಗಿದೆ.

ಅಲ್ಲಿ ಬಿ-52 ಬಾಂಬರ್ ವಿಮಾನವನ್ನು ನಡೆಸುತ್ತಿದ್ದ ಲೆಫ್ಟಿನೆಂಟ್ ಕರ್ನಲ್ ಹಾಲೆಂಡ್ ಬಹು ನಿಪುಣನೆಂದು ಹೆಸರಾದವನು. ಇತರ ವೈಮಾನಿಕರು ನಿಯಮದಂತೆ ಹಾರಿಸುತ್ತಾರೆಯೇ ಎಂದು ಪರೀಕ್ಷಿಸುವ ವಿಭಾಗಕ್ಕೆ ಆತನೇ ಮುಖ್ಯಸ್ಥ! 1991ರಿಂದಲೂ ಆತನು ಪ್ರದರ್ಶನಗಳಲ್ಲಿ ಆ ಭಾರಿ ವಿಮಾನವನ್ನು ವಿಧಿಸಿದ ಮಿತಿಗಿಂತ ಕೆಳಕ್ಕೆ ತಂದು, ಮಿತಿಮೀರಿ ವಾಲಿಸಿ ತಿರುಗಿಸುತ್ತಿದ್ದನು. ಕಂಡ ಹಿರಿಯರು ಬಾಯಿಮಾತಿನಲ್ಲಿ ಗದರಿಸಿದ್ದುಂಟು. ಬರಹದಲ್ಲಿ ಏನನ್ನೂ ಉಳಿಸಲಿಲ್ಲ. ಅಧಿಕಾರಿಗಳು ವರ್ಗವಾದಂತೆ ಗದರಿಕೆಯೂ ಅವರ ಹಿಂದೆಯೇ ಹೋಯಿತು. ಹೊಸದಾಗಿ ಬಂದವರಿಗೆ ಆತನ ಪ್ರತಿಯೊಂದು ತಪ್ಪೂ ಮೊದಲನೆಯ ತಪ್ಪಾಗಿಯೇ ಕಂಡಿತು. ಇತ್ತ ಕಿರಿಯರಲ್ಲಿ ಕೆಲವರು ಆತನನ್ನು ಅನುಕರಿಸಹೊರಟರು. ಕೆಲವರು ಆತನೊಡನೆ ಹಾರಲಾರೆವೆಂದರು. ನಿಯಮಗಳ ಪುಸ್ತಕ ಇಬ್ಬರ ಕೈಯಲ್ಲೂ ಒಂದೇ ಆಗಿದ್ದಿತೆಂಬುದನ್ನು ಮರೆಯಬಾರದು.

1994ರ ಮಾರ್ಚ್‌ನಲ್ಲಿ ಯಾಕಿಮಾದ ಬಾಂಬಿಂಗ್ ಅಭ್ಯಾಸಭೂಮಿಯಲ್ಲಿ ಆತನ ವಿಮಾನ ಗುಡ್ಡದ ಏಣನ್ನು ಕೆಲವೇ ಅಡಿಗಳ ಅಂತರದಲ್ಲಿ ದಾಟಿತು. ಸ್ಕ್ವಾಡ್ರನ್ನಿನ ಕಮಾಂಡರ್ ಮೆಕ್‌ಗೀಹನ್, ಹಾಲೆಂಡನ ಹಾರಾಟವನ್ನು ನಿಲ್ಲಿಸಬೇಕೆಂದು ಮೇಲಿನ ಕರ್ನಲ್‌ನಲ್ಲಿ ಕೇಳಿಕೊಂಡನು. ಕರ್ನಲ್ ಒಪ್ಪಲಿಲ್ಲ; ಮತ್ತೊಮ್ಮೆ ಬಾಯಿಮಾತಿನ ಎಚ್ಚರಿಕೆಯಷ್ಟೇ ಆಯಿತು. ಆಗ ಮೆಕ್‌ಗೀಹನ್ ತನ್ನ ಕೈಗೆಟುಕಿದ್ದನ್ನು ಮಾಡಿದನು: ತಾನು ಜೊತೆಗಿಲ್ಲದೆ ತನ್ನವರಾರೂ ಹಾಲೆಂಡನೊಡನೆ ಹಾರಕೂಡದೆಂದು ನಿಶ್ಚಯಿಸಿದನು.

ಈ ನಡತೆಯನ್ನು ಹೊಗಳದಿರುವುದು ಕಷ್ಟ. ಆದರೂ ಹೊಗಳುವಾಗ ನನ್ನ ಮನಸ್ಸು ಅಳುಕುತ್ತದೆ. ಮೇಲಧಿಕಾರಿಯ ಒಂದು ಸಹಿಯಿಂದ ಆಗಬಹುದಾಗಿದ್ದ ಕೆಲಸಕ್ಕೆ ಒಬ್ಬ ಸಜ್ಜನನು ತನ್ನ ಪ್ರಾಣವನ್ನೇ ಒತ್ತೆಯಿಡಬೇಕಾಗಿ ಬಂದರೆ, ಅದನ್ನು ಆ ಪಡೆಯ ಶೌರ್ಯವೆನ್ನೋಣವೇ, ದಾರಿದ್ರ್ಯವೆನ್ನೋಣವೇ? ಶತ್ರುವಿನೆದುರು ಎದೆಗೊಡುವವರಿಗೂ ಜನಪ್ರಿಯ ಸಹೋದ್ಯೋಗಿಯೊಬ್ಬನಿಗೆ 'ಸಾಕು' ಎನ್ನಲು ಬಾಯಿ ಬಾರದಿರುವುದು ವಿಚಿತ್ರವೆನಿಸಬಹುದು. ಅಧ್ಯಾಪಕರಾದ ನಮಗೆ ಅಷ್ಟು ವಿಚಿತ್ರವೆನಿಸಲಾರದು.

ಜೂನ್ 24ರಂದು, ಪ್ರದರ್ಶನದ ಅಭ್ಯಾಸದಲ್ಲಿ, ಮೆಕ್‌ಗೀಹನ್ ಸಹಚಾಲಕನ ಪೀಠದಲ್ಲಿದ್ದನು. ಸುಮಾರು 250 ಅಡಿ ಎತ್ತರದಲ್ಲಿ ವಿಮಾನವು ನಿಯಂತ್ರಣ ಗೋಪುರವನ್ನು ಸುತ್ತುತ್ತ, ರೆಕ್ಕೆಗಳು ನೆಟ್ಟಗೆ ನಿಲ್ಲುವಷ್ಟು ವಾಲಿ, ಗಾಳಿಯ ಆಧಾರ ತಪ್ಪಿ ನೆಲಕ್ಕಪ್ಪಳಿಸಿತು. ಒಳಗಿದ್ದ ನಾಲ್ವರೂ ಮಡಿದರು. ಮೆಕ್‌ಗೀಹನ್‌ನ ಹೆಂಡತಿಮಕ್ಕಳು ಕೆಳಗೆ ನಿಂತು ನೋಡುತ್ತಿದ್ದರು. ಮರುವರ್ಷ ಸೈನಿಕ ನ್ಯಾಯಾಲಯದ ಮುಂದೆ ಆ ಕರ್ನಲ್ ಕರ್ತವ್ಯಲೋಪವನ್ನೊಪ್ಪಿಕೊಂಡು ದಂಡ ತೆತ್ತನು.