ಮ್ಯಾಕ್ರೋ ತಪ್ಪಿ ನಿಂತಾಗ

ಈಗ ಲೆಕ್ಕಪತ್ರಗಳ ಕೆಲಸವು ಬಹುಮಟ್ಟಿಗೆ ಕಂಪ್ಯೂಟರಿನ ಎಕ್ಸೆಲ್ ಹಾಳೆಗಳಲ್ಲಿಯೇ ನಡೆಯುವುದೆಂಬುದು ವಾಚಕರಿಗೆ ತಿಳಿದ ವಿಷಯವೇ. ಪ್ರತಿ ತಿಂಗಳೂ ಮಾಡಬೇಕಾದ ಕೆಲಸವನ್ನು ಆಜ್ಞೆಗಳ ರೂಪದಲ್ಲಿ ಒಮ್ಮೆ ಬರೆದಿಟ್ಟರೆ ಯಂತ್ರವು ಅದನ್ನು ತಾನಾಗಿ ನೆರವೇರಿಸುವುದು. ಈ ಆಜ್ಞಾಮಾಲೆಗೆ ಮ್ಯಾಕ್ರೋ ಎಂದು ಹೆಸರು. ಎಕ್ಸೆಲ್‌ನಲ್ಲಿ ಇದನ್ನು ಬರೆಯುವ ವಿ.ಬಿ.ಎ. ಎಂಬ ಭಾಷೆಯು 1993ರಿಂದ ಬಳಕೆಯಲ್ಲಿದೆ. ಭಾಷೆಯೆಂದ ಮೇಲೆ ದೋಷವಿಲ್ಲದೆ ಇದ್ದೀತೆ?

ಮ್ಯಾಕ್ರೋ ನಡುವೆ ತಪ್ಪಿ ನಿಂತರೆ ದೋಷದ ಸಂಖ್ಯೆಯನ್ನು ಹೊತ್ತ ಚಿಕ್ಕ ಚೌಕವೊಂದು ತೆರೆಯ ಮೇಲೆ ಮೂಡುವುದು. ತರುಣ ಗುಮಾಸ್ತರು ಗಾಬರಿಯಿಂದ ಅಲ್ಲಿಯ 'ಎಂಡ್' ಎಂಬುದನ್ನು ಒತ್ತಿಬಿಡುವರು. ಒತ್ತತಕ್ಕದ್ದು 'ಡೀಬಗ್' ಎಂಬುದನ್ನು. ಆಗ ತಪ್ಪಿದ ಪಂಕ್ತಿಯು ಹಳದಿ ಬಣ್ಣದಲ್ಲಿ ಕಾಣುವುದು.

ಸಂಖ್ಯೆಗಳಿಗೂ ಅರ್ಥವುಂಟು. 13 ಎಂದರೆ ಪದಾರ್ಥಗಳ ಜಾತಿ ಹೊಂದಲಿಲ್ಲವೆಂದು; ಹಣವಿರಬೇಕಾದ ಮನೆಯಲ್ಲಿ 'ಇಲ್ಲ' ಎಂದು ಅಕ್ಷರಗಳಲ್ಲಿ ಬರೆದಿದ್ದರೆ ಕೂಡುವುದೆಂತು? ಬೆಂಕಿಯಿಂದ ತೋಯಿಸು ಎಂಬ ಮಾತಿನಲ್ಲಿ ವ್ಯಾಕರಣ ಸರಿಯಿದ್ದರೂ ಯೋಗ್ಯತೆಯಿಲ್ಲವೆಂದು ನಮ್ಮ ತಾರ್ಕಿಕರು ಹೇಳುವರಷ್ಟೆ. ಇದೂ ಅದೇ ದೋಷ. 6 ಎಂದರೆ ಪಾತ್ರೆ ತುಂಬಿ ಚೆಲ್ಲಿತೆಂದು. 'ಇಂಟೀಜರ್' ಎಂಬ ಪಾತ್ರೆಯಲ್ಲಿ 32,767ಕ್ಕೆ ಮೇಲ್ಪಟ್ಟ ಸಂಖ್ಯೆಯು ಹಿಡಿಸದು. 'ಲಾಂಗ್' ಎಂದು ತಿದ್ದಿದರೆ ಸಾಕು. 9 ಎಂದರೆ ಕರೆದ ಹೆಸರಿನ ಹಾಳೆಯೇ ಇಲ್ಲವೆಂದು.

ಈ ಒಂಬತ್ತರ ವಿಷಯದಲ್ಲಿಯೇ ನಮ್ಮ ಪರಿಚಯದ ಸಹಕಾರ ಸಂಘವೊಂದರಲ್ಲಿ ಅನರ್ಥವು ನಡೆದುಹೋಯಿತು. ತಿಂಗಳಿಗೊಂದು ಹಾಳೆ, ಮ್ಯಾಕ್ರೋವು ಒಂದೊಂದನ್ನೂ ಹೆಸರಿನಿಂದ ಕರೆದು ಸದಸ್ಯರ ಕಂತುಗಳನ್ನು ವಾರ್ಷಿಕ ಖಾತೆಗೆ ಏರಿಸಬೇಕು. 'ಜೂನ್' ಎಂಬ ಹೆಸರಿನ ಕೊನೆಯಲ್ಲಿ ಯಾರೋ ಕಣ್ಣಿಗೆ ಕಾಣದ ಒಂದು ತೆರಪನ್ನು ಬಿಟ್ಟಿದ್ದರು. ಯಂತ್ರವು ಹಾಳೆಯಿಲ್ಲವೆಂದು ನಿಂತಿತು. ಅಲ್ಲಿಯ ಗುಮಾಸ್ತನು ಯಾರದೋ ಸಲಹೆಯಂತೆ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಎಂಬ ಪಂಕ್ತಿಯನ್ನು ಮೊದಲಲ್ಲಿ ಸೇರಿಸಿದನು. ದೋಷ ಕಂಡರೂ ಸುಮ್ಮನೆ ಮುಂದಕ್ಕೆ ಹೋಗೆಂದು ಇದರ ಅರ್ಥ. ಚೌಕವು ಮಾಯವಾಯಿತು, ಎಲ್ಲರಿಗೂ ಸಂತೋಷ.

ಆದರೆ ಜೂನಿನ ಹಾಳೆ ಸಿಕ್ಕದ್ದರಿಂದ ಯಂತ್ರದ ಕೈಯಲ್ಲಿ ಮೇ ತಿಂಗಳ ಹಾಳೆಯೇ ಉಳಿದಿತ್ತು. ಅದನ್ನೇ ಜೂನಿನದೆಂದು ಮತ್ತೊಮ್ಮೆ ಏರಿಸಿತು. ಮೇ ತಿಂಗಳಲ್ಲಿ ಕಾಯಿಲೆಯಿಂದ ಕಟ್ಟಲಾರದೆ ಜೂನಿನಲ್ಲಿ ಎರಡು ಕಂತುಗಳನ್ನೂ ಒಟ್ಟಿಗೆ ತೆತ್ತಿದ್ದ ವೃದ್ಧೆಯೊಬ್ಬರಿಗೆ ಎರಡು ತಿಂಗಳ ಬಾಕಿಯ ನೋಟೀಸು ಹೋಯಿತು! ಆಕೆಯು ರಸೀತಿಯನ್ನು ಜೋಪಾನವಾಗಿ ಇಟ್ಟಿದ್ದುದರಿಂದ ಬದುಕಿಕೊಂಡರು.

ಆ ಪಂಕ್ತಿಗೂ ಉಪಯೋಗವಿಲ್ಲದಿಲ್ಲ. ದೋಷ ಬರಬಹುದೆಂದು ತಿಳಿದೇ ಇರುವ ಒಂದು ಆಜ್ಞೆಗೆ ಮಾತ್ರ ಬಳಸಿ, ಕೂಡಲೇ 'ಆನ್ ಎರರ್ ಗೋಟು 0' ಎಂದು ಬರೆದು ಯಂತ್ರಕ್ಕೆ ಮರಳಿ ಬಾಯಿ ಕೊಡಬೇಕು. ಇಡೀ ಮ್ಯಾಕ್ರೋವಿಗೆ ಹೊದಿಸುವುದನ್ನು ನಾವು ಸರ್ವಥಾ ಒಪ್ಪುವುದಿಲ್ಲ. ಪರೀಕ್ಷಿಸುವ ಮೊದಲು ಕಡತದ ನಕಲೊಂದನ್ನು ತೆಗೆದಿಡಿರಿ. ಮ್ಯಾಕ್ರೋ ಮಾಡಿದ ಬದಲಾವಣೆಗಳು 'ಅನ್‌ಡೂ' ಒತ್ತಿದರೆ ಸಾಮಾನ್ಯವಾಗಿ ಹಿಂದಿರುಗವು. ಬಳಿಕ ಎಫ್ 8 ಎಂಬ ಕೀಲಿಯನ್ನು ಒತ್ತುತ್ತ ಹೋದರೆ ಆಜ್ಞೆಗಳು ಒಂದೊಂದಾಗಿ ನಡೆಯುವುವು.

ಸಂಘದಲ್ಲಿಯೂ ಹೀಗೆಯೇ ಮಾಡಿದರು. ಪಂಕ್ತಿಯನ್ನು ತೆಗೆದೊಡನೆ ಒಂಬತ್ತು ಕಾಣಿಸಿತು. ಐದು ನಿಮಿಷಗಳಲ್ಲಿ ತೆರಪು ಸಿಕ್ಕಿತು. ನೋಟೀಸನ್ನು ಹಿಂದಕ್ಕೆ ಪಡೆದರು. ಉಳಿದ ಸದಸ್ಯರ ಖಾತೆಗಳನ್ನು ರಸೀತಿ ಪುಸ್ತಕದೊಡನೆ ತಾಳೆ ನೋಡುವ ಕೆಲಸವು ಇನ್ನೂ ನಡೆಯುತ್ತಿದೆ.