‘ಫ್ರೀ ವೀಸಾ’ ಎಂಬ ಖೋಟಾ ನಾಣ್ಯ

ನಮ್ಮ ಕರಾವಳಿಯಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿರುವ ಖೋಟಾ ನಾಣ್ಯವೊಂದಿದೆ. ಅದರ ಹೆಸರು ‘ಫ್ರೀ ವೀಸಾ’. ಕಾಪುವಿನ ಬಸ್ ನಿಲ್ದಾಣದಲ್ಲಿ, ಕಾರ್ಕಳದ ಸಂತೆಯಲ್ಲಿ, ಉಡುಪಿಯ ಮದುವೆಯೂಟದ ಪಂಕ್ತಿಯಲ್ಲಿ ಈ ಮಾತು ಕಿವಿಗೆ ಬೀಳುತ್ತದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಯಾವ ಭಾಷೆಯಲ್ಲಿ ಆಡಿದರೂ ನಾಣ್ಯ ಅದೇ. ಕನ್ನಡ ಪಾಠ ಹೇಳಿ ಜೀವಿಸುವ ನನಗೆ ಮಾತಿನ ನಿಜ ಸುಳ್ಳುಗಳನ್ನು ವಿಚಾರಿಸುವುದೇ ಕಸುಬು. ಈ ಮಾತಿನಲ್ಲಿ ಒಂದಕ್ಷರವೂ ನಿಜವಿಲ್ಲ. ‘ಫ್ರೀ’ ಎನ್ನುವುದಕ್ಕೆ ಕೈತುಂಬ ಹಣ ತೆರಬೇಕು. ಆ ಹೆಸರಿನ ವೀಸಾ ಕೊಲ್ಲಿಯ ಯಾವ ನಾಡಿನ ಕಾನೂನಿನಲ್ಲಿಯೂ ಇಲ್ಲ. ಅಲ್ಲಿನ ಒಬ್ಬ ಧಣಿ, ಅಂದರೆ ಕಫೀಲ, ತನ್ನಲ್ಲಿ ಕೆಲಸಕ್ಕೆಂದು ತೆಗೆಸಿದ ವೀಸಾವನ್ನು ಮಾರುತ್ತಾನೆ. ಕೊಂಡವನು ಬೇರೆಲ್ಲಿಯೋ ದುಡಿಯುತ್ತಾನೆ. ದುಡಿದ ಮೊದಲ ದಿನದಿಂದಲೇ ಅವನು ಆ ನಾಡಿನ ಕಾನೂನಿಗೆ ಅಪರಾಧಿ. ಇಂಥ ಬಂಧನಕ್ಕೆ ನಾವಿಟ್ಟ ಹೆಸರು ಸ್ವಾತಂತ್ರ್ಯ!

ಕಳೆದ ವರ್ಷದ ಮಳೆಗಾಲದಲ್ಲಿ ಕಾಪುವಿನ ಕಡೆಯ ಹೆಣ್ಣುಮಗಳೊಬ್ಬರು ಒಂದು ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಓದು ಎಂಟನೆಯ ತರಗತಿಯವರೆಗೆ, ವಯಸ್ಸು 26.

“ಮಾಸ್ಟ್ರೇ, ಕುವೈತಿಗೆ ಫ್ರೀ ವೀಸಾ ಬಂದಿದೆ. ಹೊಲಿಗೆ ಅಂಗಡಿಯಲ್ಲಿ ಕೆಲಸವಂತೆ. ಒಮ್ಮೆ ನೋಡಿ ಹೇಳ್ತೀರಾ?”

ನೋಡಿದೆ. ಹೇಳುವುದೇನು, ಕಾಗದ ಅರಬಿ ಭಾಷೆಯಲ್ಲಿತ್ತು. ಎಂ.ಎ. ಓದಿದ ನನಗೆ ಒಂದಕ್ಷರವೂ ತಿಳಿಯಲಿಲ್ಲ. ನೆರೆಯಲ್ಲಿ ಬ್ಯಾರಿ ಹಿರಿಯರೊಬ್ಬರಿದ್ದಾರೆ. ಕುವೈತಿನಲ್ಲಿ ಬಹಳ ವರ್ಷ ಕಾರು ಓಡಿಸಿ ಬಂದವರು. ಅಕ್ಷರ ಮದ್ರಸದಲ್ಲಿ ಕಲಿತದ್ದು, ಅರ್ಥ ಕುವೈತಿನಲ್ಲಿ ಕಲಿತದ್ದು. ಅವರು ಕಾಗದವನ್ನು ಬೆಳಕಿಗೆ ಹಿಡಿದು ಒಂದೇ ಉಸಿರಿನಲ್ಲಿ ಹೇಳಿದರು: “ಇದು ಇಪ್ಪತ್ತನೇ ಕಲಮಿನ ವೀಸಾ, ಮಾಸ್ಟ್ರೇ. ಮನೆಗೆಲಸದ್ದು. ಅಂಗಡಿಯದ್ದಾದರೆ ಹದಿನೆಂಟು ಅಂತ ಇರಬೇಕಿತ್ತು.”

ಆಕೆ ಹೋಗಲಿಲ್ಲ. ಬಳೆ ಅಡವಿಟ್ಟು ಕೊಟ್ಟ ಮುಂಗಡ ಇನ್ನೂ ಹಿಂದೆ ಬಂದಿಲ್ಲ.

ಹೋಗಿದ್ದರೆ? ಅದಕ್ಕೂ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. 2016ರಲ್ಲಿ ಇಲ್ಲಿಯ ಒಬ್ಬ ತಾಯಿ ಕತಾರಿನಲ್ಲಿ ಕೆಲಸವೆಂಬ ಮಾತನ್ನು ನಂಬಿ ಹೊರಟು, ಸೌದಿ ಅರೇಬಿಯದ ಒಂದು ಮನೆಯಲ್ಲಿ ಬಂದಿಯಂತೆ ದುಡಿದರು. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗರು ಹೋರಾಡಿದ ಮೇಲೆ 2017ರಲ್ಲಿ ಊರಿಗೆ ಮರಳಿದರು. ಹೊರಟವರು ಒಂದು ದೇಶಕ್ಕೆ, ಇಳಿದದ್ದು ಇನ್ನೊಂದು ದೇಶದಲ್ಲಿ! ಕೈಯಲ್ಲಿರುವ ಕಾಗದವನ್ನು ಹೊರಡುವವರಿಗೆ ಯಾರಾದರೂ ಓದಿ ಹೇಳಿದ್ದರೆ ಇಂಥದು ನಡೆಯುವುದು ಕಷ್ಟ.

‘ವೀಸಾ’ ಎಂಬುದು ಲ್ಯಾಟಿನ್ ಮೂಲದ ಪದ. ‘ನೋಡಿದ್ದಾಗಿದೆ’ ಎಂದು ಅದರ ಅರ್ಥ. ಅಧಿಕಾರಿ ನೋಡಿ ಒಪ್ಪಿದ ಕಾಗದ. ವಿಪರ್ಯಾಸವೇನೆಂದರೆ, ಅದನ್ನು ಎಲ್ಲರೂ ನೋಡಿರುತ್ತಾರೆ, ಹೊತ್ತುಕೊಂಡು ಹೋಗುವವನ ಹೊರತು. ನಮ್ಮವರು ಹೀಗೆ ಕಣ್ಣುಮುಚ್ಚಿ ಹೊರಡುವುದಕ್ಕೆ ಕಾರಣವಿಲ್ಲದಿಲ್ಲ. ಈ ಜಿಲ್ಲೆ ಮೊದಲು ಕಂಡ ಪರದೇಶ ಮುಂಬಯಿ. ಅಲ್ಲಿಯ ಹೋಟೆಲಿಗೆ ಹೊರಟ ಹುಡುಗನಿಗೆ ರಹದಾರಿ ಬೇಕಿರಲಿಲ್ಲ, ಭಾವನ ಒಂದು ಕಾರ್ಡು ಸಾಕಿತ್ತು. ಊರವರ ಮಾತೇ ಅವನಿಗೆ ವೀಸಾ. ಆ ನಂಬಿಕೆ ನಮ್ಮನ್ನು ಸಾಕಿತು, ನಿಜ. ಆದರೆ ಕೊಲ್ಲಿಯ ವಿಮಾನ ಹತ್ತಿದವನಿಗೆ ಭಾವನ ಮಾತು ಅಲ್ಲಿಯ ಪೊಲೀಸರ ಮುಂದೆ ಆಧಾರವಲ್ಲ. ಅಲ್ಲಿ ಕಾಗದವೇ ಮನುಷ್ಯ. ಸೌದಿಯಲ್ಲಿ ಕಫೀಲ ‘ಹುರೂಬ್’, ಅಂದರೆ ಓಡಿಹೋದ, ಎಂದು ಬರೆಯಿಸಿದರೆ ಆತನ ನೆಲೆಯೇ ತಪ್ಪಿತು. 2021ರಲ್ಲಿ ಆ ದೇಶ ಕಟ್ಟುಗಳನ್ನು ಸಡಿಲಿಸಿ ಸುಧಾರಣೆ ತಂದಾಗಲೂ ಮನೆಗೆಲಸದವರನ್ನು ಅದರ ಹೊರಗೇ ಇಟ್ಟಿತು.

ನಮ್ಮಲ್ಲಿ ಕಾನೂನಿಲ್ಲವೇ? ಇದೆ. 1983ರ ವಲಸೆ ಕಾಯ್ದೆಯ ಮೇರೆಗೆ, ಹತ್ತನೆಯ ತರಗತಿ ಮುಗಿಸದವರು ಕುವೈತು, ಸೌದಿ, ಕತಾರ್ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಅನುಮತಿ ಬೇಕೆಂದಾಯಿತು. ಆ ದೇಶಗಳಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ 30 ವರ್ಷ ತುಂಬಿರಬೇಕು, ಸರಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು ಎಂಬ ನಿಯಮ ಬಂತು. ನೋಂದಾಯಿತ ಏಜೆಂಟ್ ತೆರಿಗೆಯ ಹೊರತು 30,000 ರೂಪಾಯಿಗಿಂತ ಹೆಚ್ಚು ಕೇಳಕೂಡದೆಂದಾಯಿತು. ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ 10 ಲಕ್ಷದ ವಿಮೆಯೂ ಬಂತು. ಇವೆಲ್ಲ ಆ ಕಾಪುವಿನ ಹೆಣ್ಣುಮಗಳಂಥವರಿಗಾಗಿಯೇ ಮಾಡಿದವು. ಅವುಗಳಲ್ಲಿ ಒಂದೂ ಆಕೆಯ ಕಿವಿಗೆ ಬಿದ್ದಿರಲಿಲ್ಲ. ಏಜೆಂಟನಿಗೆ ಮಾತ್ರ ಎಲ್ಲವೂ ಗೊತ್ತು. ಪ್ರವಾಸಕ್ಕೆ ಹೊರಟವರಿಗೆ ಈ ಅನುಮತಿ ಬೇಕಿಲ್ಲವೆಂದು ತಿಳಿದೇ ಇಂಥವರು ವಿಸಿಟ್ ವೀಸಾದಲ್ಲಿ ಹೆಂಗಸರನ್ನು ವಿಮಾನ ಹತ್ತಿಸುತ್ತಾರೆ. ಕಾನೂನನ್ನು ಚೆನ್ನಾಗಿ ಓದಿದವನು ಕಳ್ಳನೊಬ್ಬನೇ ಆದರೆ ಆ ಕಾನೂನು ಯಾರನ್ನು ಕಾಯುತ್ತದೆ?

ಇನ್ನು ನಮ್ಮ ವಿಚಾರ. ಈ ಪುರವಣಿಯನ್ನು ಓದುವ ನಾವು ವೀಸಾ ಅರಿಯದವರಲ್ಲ. ಮಣಿಪಾಲದಲ್ಲಿ ಓದಿದ ಮಗ ಅಮೆರಿಕಕ್ಕೆ ಹೊರಟರೆ ಮನೆಯೇ ಕಚೇರಿಯಾಗುತ್ತದೆ. ಐ-20 ಪತ್ರದ ಒಂದೊಂದು ಸಾಲಿಗೂ ಗೆರೆ ಎಳೆದು ಓದುತ್ತೇವೆ. ಬ್ಯಾಂಕಿನ ಲೆಕ್ಕ ಜೋಡಿಸುತ್ತೇವೆ. ಎಫ್-1 ಸಂದರ್ಶನಕ್ಕೆ ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಓದುತ್ತ ಎಷ್ಟು ಗಂಟೆ ದುಡಿಯಬಹುದೆಂಬುದು ಅಜ್ಜಿಗೂ ಗೊತ್ತು. ಅದೇ ಮನೆಯಲ್ಲಿ ಪಾತ್ರೆ ತೊಳೆಯುವಾಕೆ “ಅಮ್ಮ, ಬರುವ ತಿಂಗಳು ದುಬೈಗೆ” ಎಂದರೆ ನಾವು ಕೇಳುವುದು ಒಂದೇ ಪ್ರಶ್ನೆ: “ಹಾಗಾದರೆ ನಮಗೆ ಬೇರೆ ಯಾರನ್ನು ಕೊಡುತ್ತೀ?”

ಅವರು ಬಡತನದಿಂದ ಹೋಗುವವರು, ಹೇಳಿದರೂ ಕೇಳುವುದಿಲ್ಲ ಎನ್ನುವವರಿದ್ದಾರೆ. ಬಡತನ ಹೋಗುವುದಕ್ಕೆ ಕಾರಣವಾಗಬಹುದು, ಅರಿಯದೆ ಹೋಗುವುದಕ್ಕೆ ಅಲ್ಲ. ಎಲ್ಲ ತಿಳಿದೂ ಹೋಗುತ್ತೇನೆಂದರೆ ಅದು ಅವರ ಧೈರ್ಯ. ತಿಳಿಸದೆ ಕಳುಹಿಸಿದರೆ ಅದು ನಮ್ಮ ಪಾಪ.

ನನ್ನ ಕಸುಬಿನವರನ್ನೂ ಬಿಡಲಾರೆ. ನಾವು ವ್ಯಾವಹಾರಿಕ ಕನ್ನಡ ಕಲಿಸುತ್ತೇವೆ; ರಜೆಯ ಅರ್ಜಿ, ಸಭೆಯ ವರದಿ, ಆಹ್ವಾನಪತ್ರಿಕೆ. ಊರಿನ ಮನೆಮನೆಯಿಂದ ಜನ ಪರದೇಶಕ್ಕೆ ಹೋಗುವ ಈ ಜಿಲ್ಲೆಯಲ್ಲಿ ಒಂದು ಕರಾರುಪತ್ರವನ್ನು ಕನ್ನಡಕ್ಕೆ ತಿರುಗಿಸುವುದನ್ನು ಎಂದಾದರೂ ಕಲಿಸಿದ್ದೇವೆಯೇ? ‘ವೀಸಾ’ಕ್ಕೆ ಸಂಸ್ಕೃತದ ಪದವೊಂದನ್ನು ಟಂಕಿಸುವುದು ಬೇಡ. ಹೆಸರು ಹಾಗೆಯೇ ಇರಲಿ, ಅದರೊಳಗಿನ ಷರತ್ತು ಕನ್ನಡಕ್ಕೆ ಬರಲಿ. ಹೊರಡುವವರಿಗೆ ವೀಸಾ ಮತ್ತು ಕರಾರುಗಳ ಕನ್ನಡ ಪ್ರತಿ ಕೊಡತಕ್ಕದ್ದೆಂದು ಸರಕಾರ ಏಜೆಂಟರನ್ನು ಕಟ್ಟುಮಾಡಲಿ. ಪಂಚಾಯತಿಯ ಗೋಡೆಯಲ್ಲಿ, ಬಳೆ ಅಡವಿಡುವ ಸಹಕಾರಿ ಸಂಘದ ಕಿಟಕಿಯಲ್ಲಿ ನಾಲ್ಕು ಪ್ರಶ್ನೆ ಬರೆದು ಹಾಕಲಿ: ಕಾಗದದಲ್ಲಿರುವುದು ಯಾವ ದೇಶ? ಕಫೀಲನ ಹೆಸರೇನು? ಯಾವ ಕೆಲಸಕ್ಕೆ? ಏಜೆಂಟನ ನೋಂದಣಿ ಸಂಖ್ಯೆ ಎಷ್ಟು?

ಸರಕಾರ ಮಾಡುವವರೆಗೆ ನಾವು ಕಾಯಬೇಕಿಲ್ಲ. ಕಾಗದ ಹಿಡಿದು ಬಂದವರನ್ನು ಜಗಲಿಯಲ್ಲಿ ಕೂರಿಸಿ ಓದಿ ಹೇಳೋಣ. ತಿಳಿಯದಿದ್ದರೆ ತಿಳಿದವರ ಬಳಿಗೆ ಕರೆದೊಯ್ಯೋಣ. ಯಾರಾದರೂ ‘ಫ್ರೀ ವೀಸಾ’ ಎಂದರೆ, “ಯಾರ ಹೆಸರಿನದು?” ಎಂದು ಅಲ್ಲಿಯೇ ಕೇಳೋಣ. ಖೋಟಾ ನಾಣ್ಯ ನಿಲ್ಲುವುದು ಅದನ್ನು ಕೈಗೆ ತೆಗೆದುಕೊಂಡವರು ಒಮ್ಮೆ ಕುಟ್ಟಿ ನೋಡಿದಾಗ.